ನರಕದೊಳಗಿನ ಮಂಜಿನ ಉಂಡೆ

ಮನೆಯಿಂದ,
ಬುಧವಾರ ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಶಾಲೆಯ ಮೆಟ್ಟಿಲು ಹತ್ತುವಾಗ ಮಕ್ಕಳೆದುರು ನರಳಬೇಡ. ನೀನು ಕಲಿಸಿದ ಇಂಗ್ಲಿಷ್ ಮರೆತರೂ ನರಳುವ ಧಾಟಿಯನ್ನು ಚೆನ್ನಾಗಿ ಕಲಿತುಬಿಡುತ್ತಾರೆ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಕಿವಿ ಮಾತ್ರ ಕುಲುಮೆಯ ಮೊರೆತಕ್ಕೆ ಪೂರ್ತಿ ಹೋಗಿದೆ; ಫೋನಿನಲ್ಲಿ ಯಾರು ಏನು ಕೇಳಿದರೂ "ಊಟ ಆಯ್ತು" ಅನ್ನುತ್ತಾರೆ. ಅದಕ್ಕೇ ಈ ಕಾಗದ. ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಮುಟ್ಟುತ್ತದೆ.

ಗಾಜಿನ ಕಾರ್ಖಾನೆ ಮುಚ್ಚುತ್ತಿದೆ. ಸೋಮವಾರ ಹೊಸ ಮ್ಯಾನೇಜರ್ ಎಲ್ಲರನ್ನೂ ಕುಲುಮೆಯ ಮುಂದೆ ಸೇರಿಸಿ ಇಂಗ್ಲಿಷಿನಲ್ಲಿ ಮಾತಾಡಿದರು. ಗುಮಾಸ್ತನೆಂಬ ತಪ್ಪಿಗೆ ಕನ್ನಡ ಮಾಡುವ ಶಿಕ್ಷೆ ನನಗೆ. ಇದು ಉಳಿಯಲು ಇರುವುದು "ಸ್ನೋಬಾಲ್ಸ್ ಚಾನ್ಸ್ ಇನ್ ಹೆಲ್" ಅಂದರು. ನರಕದಲ್ಲಿ ಮಂಜಿನ ಉಂಡೆಗೆ ಇರುವಷ್ಟು ಅವಕಾಶ ಅಂದೆ ನಾನು. ಊದುಕೊಳವೆ ಹಿಡಿದು ನಿಂತಿದ್ದ ಬೋಳಣ್ಣ, "ಅಷ್ಟಿದೆಯಲ್ಲ, ಸಾಕು ಬಿಡು" ಅಂದ. ಅಪ್ಪನ ಕಿವಿಗೆ ಅದನ್ನು ಕೂಗಿಯೂ ಹೇಳಿದ. ಅಪ್ಪ, "ಉರಿಯೊಳಗಿಂದ ಒಡೀದೆ ಹೊರಗೆ ತರೋದೇ ನಮ್ಮ ಕಸುಬು. ಉಂಡೆ ಯಾವುದಾದ್ರೇನು?" ಅಂದರು. ಎಲ್ಲರೂ ನಕ್ಕರು. ಮ್ಯಾನೇಜರ್ ಕೂಡ, ಅರ್ಥವಾಗದೆ.

ಉಂಡೆ ಕರಗುತ್ತದೆ, ಆಸೆ ಇಲ್ಲವೇ ಇಲ್ಲ ಅನ್ನುವುದಕ್ಕೆ ಇಂಗ್ಲಿಷಿನವರು ಇದನ್ನು ಬಳಸುತ್ತಾರೆ ಎಂದು ಗಂಟಲು ಹರಿಯುವಂತೆ ಹೇಳಿದೆ. ಓದದವನು ಪರೀಕ್ಷೆ ಪಾಸಾಗುವ ಹಾಗೆ ಎಂದು ಉದಾಹರಣೆಯನ್ನೂ ಕೊಟ್ಟೆ. "ನೀನೇ ಪಾಸಾಗ್ಲಿಲ್ವೇನಯ್ಯಾ?" ಅಂದ ಬೋಳಣ್ಣ. "ಕನ್ನಡ ಮೀಡಿಯಮ್ಮಿನವನಿಗೆ ಇಂಗ್ಲಿಷಿನವರ ನರಕ ಹೇಗೆ ಗೊತ್ತಾಗ್ಬೇಕು ಪಾಪ."

ಸೇತುವೆಯಾಚೆಯ ಬಾಟಲಿ ಕಾರ್ಖಾನೆಯವರು ನಮ್ಮವರನ್ನೆಲ್ಲ ಸೇರಿಸಿಕೊಳ್ಳುತ್ತಾರಂತೆ, ಶನಿವಾರದೊಳಗೆ ಹೆಸರು ಕೊಟ್ಟರೆ. ಒಬ್ಬನೂ ಕೊಟ್ಟಿಲ್ಲ. ಅಪ್ಪ ಹಿರಿಯ ಕುಲುಮೆಗಾರ. ಅವರು ಕೊಡದೆ ಯಾರೂ ಕೊಡುವುದಿಲ್ಲ. ಉರಿಸುವ ಎಣ್ಣೆ ಬರುವುದು ನಿಂತರೆ ಕುಲುಮೆ ತಣಿದು ಬಿರುಕು ಬಿಡುತ್ತದೆ, ಮತ್ತೆ ಹಚ್ಚಲಾಗದು. ಇದನ್ನು ನನಗೆ ಕಲಿಸಿದವರೇ ಅಪ್ಪ. ಈಗ ಬೆಳಿಗ್ಗೆ ಶಿಳ್ಳೆ ಹಾಕುತ್ತಾ ಕೆಲಸಕ್ಕೆ ಹೋಗುತ್ತಾರೆ. ಸಂಬಳ ನಿಂತರೂ ಹಂಬಲ ನಿಲ್ಲದು ಎಂದು ಪ್ರಾಸ ಕಟ್ಟಿ ಕೂತಿದ್ದೇನೆ. ನನ್ನ ಕೈಲಾಗುವುದು ಅಷ್ಟೇ.

ನಿನ್ನೆ ಜಗಳಾಡಿ ಸೋತು ಕೂತಾಗ ಅಪ್ಪನೇ ಅಂದರು: "ಅಕ್ಕನ್ನ ಕೇಳು. ಅವಳು ಏನು ಬರೀತಾಳೋ ಅದನ್ನ ಎಲ್ರ ಮುಂದೆ ಓದ್ತೀನಿ." ಆದ್ದರಿಂದ ಆ ಮಾತಿನ ಅರ್ಥವನ್ನೂ ಬಳಕೆಯನ್ನೂ ದಪ್ಪ ಅಕ್ಷರದಲ್ಲಿ ಬರೆದು ಕಳಿಸು. ಅಪ್ಪನ ಮಗಳ ಕೈಬರಹ ಬೇಡ, ಟೀಚರ್ ಕೈಬರಹದಲ್ಲಿ ಬರೆ.

ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೊಂದೊಂದು ಮುತ್ತು, ನಿನ್ನ ಮಂಡಿಗೆ ಬಿಸಿನೀರಿನ ಶಾಖ.

ನಿನ್ನ ತಮ್ಮ

ಮರೆತೆ: ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಲಕೋಟೆಯನ್ನೇ ನೋಡುತ್ತಿದ್ದು, "ಉತ್ತರಕ್ಕೆ ಅವಸರ ಇಲ್ಲ ಅನ್ನು. ಮುಂದಿನ ವಾರ ಬರೀಲಿ" ಅಂದರು. ಅಷ್ಟರಲ್ಲಿ ಶನಿವಾರ ಕಳೆದಿರುತ್ತದೆ. ಅವರಿಗೆ ಅರ್ಥ ಸೋಮವಾರವೇ ಗೊತ್ತಾಗಿದೆ, ಅಕ್ಕಾ. ನೀನು ನಾಳೆಯೇ ಬರೆ.