ನಯಚಾಪೆಗಾಗಿ ಬಿನ್ನಹ

ಸಾಲೇಪುಗಾ, ಉಪೋಲು ದ್ವೀಪ
9 ನವೆಂಬರ್ 2009

ಆಪಿಯಾದಲ್ಲಿ ನವಿರಾಗಿ ಹೆಣೆದ ಮನೆತನದ ನಯಚಾಪೆಯನ್ನು ಕಾಪಾಡಿಕೊಂಡಿರುವ ತಂಗಿ ಸೂಲಿಯಾಳ ಸಮ್ಮುಖಕ್ಕೆ,

ಸಾಲೇಪುಗಾ ಗ್ರಾಮ ಪರಿಷತ್ತಿನ ಮುಖಂಡನೂ ನಿನ್ನ ಅಣ್ಣನೂ ಆದ ಲೇಅಲಾಫಿಯು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಸದರಿ ಚಾಪೆಯನ್ನು ಈ ಪತ್ರ ತಂದ ಬಸ್ಸಿನಲ್ಲೇ ಕಳುಹಿಸಿಕೊಡುವುದು. ಕಾರಣ ಕೇಳಬೇಡವೆಂದು ಬರೆಯಹೊರಟೆ. ಕಾರಣವಿಲ್ಲದ ಅರ್ಜಿಯನ್ನು ನಾನೇ ಎಷ್ಟೋ ಬಾರಿ ತಳ್ಳಿಹಾಕಿದ್ದೇನೆ.

ಸುನಾಮಿಯ ಅಲೆ ಬಂದುಹೋದ ಮೇಲೆ, ನಮ್ಮೂರ ಲಾಗಿಯ ಬಳಿ ಕುಳಿತು ಸಮಾಧಾನ ಹೇಳುವ ಹೊಣೆಯನ್ನು ಪರಿಷತ್ತು ನನಗೆ ವಹಿಸಿತು. ಆಕೆಯ ಆರು ವರ್ಷದ ಮಗಳು ಪೆನೀನಾ ನೀರುಪಾಲಾದಳು. ಮೊದಲ ವಾರ ದೈವಚಿತ್ತದ ಕುರಿತು ಸುದೀರ್ಘವಾಗಿ ಮಾತನಾಡಿದೆ. "ಸಾಕು ಮಾಡೋ ಮುದುಕಪ್ಪ, ಪಾದ್ರಿ ಹೊಟ್ಟೆ ಮೇಲೆ ಹೊಡೀಬೇಡ," ಎಂದಳು. ಅಂದಿನಿಂದ ಸುಮ್ಮನೆ ಕೂರುತ್ತೇನೆ. ನಾನು ಎದುರಿಗಿದ್ದರೆ ಮಾತ್ರ ಎರಡು ತುತ್ತು ಟಾರೋ ಗೆಡ್ಡೆ ತಿನ್ನುತ್ತಾಳೆ.

ತಿನ್ನುತ್ತಾ ಪ್ರತಿದಿನ ಹೇಳುವುದು ಒಂದೇ: "ಗಂಟೆ ಕೇಳಿಸ್ತು. ಮಗು ಓಡೋಣಮ್ಮಾ ಅಂತು. ಪ್ರಾರ್ಥನೆ ಗಂಟೆ ಕಣೇ, ಅಲ್ಲಾಡ್ದೆ ಕೂತ್ಕೋ ಅಂತ ಗದರಿದೆ. ನಾನೇ ಕೊಂದೆ."

ಸೂಲಿಯಾ, ಆ ಗಂಟೆ ಬಾರಿಸಿದವನು ನಾನು. ಕಡಲು ಹಿಂದೆ ಸರಿದದ್ದನ್ನು ಕಂಡು, ಊರ ಗಂಟೆಯಾಗಿ ತೂಗುಹಾಕಿದ ಖಾಲಿ ಗ್ಯಾಸ್ ಸಿಲಿಂಡರಿನತ್ತ ಓಡಿದೆ. ಬಿಡುವಿಲ್ಲದೆ ಬಡಿದಿದ್ದರೆ ಅಪಾಯವೆಂದು ತಿಳಿದು ಜನ ಗುಡ್ಡ ಹತ್ತುತ್ತಿದ್ದರು. ಮೂವತ್ತು ವರ್ಷ ಪ್ರಾರ್ಥನೆಗೆ ಬಾರಿಸಿದ ಕೈ, ಮೂರು ನಿಧಾನದ ಪೆಟ್ಟು ಕೊಟ್ಟಿತು. ಆ ಪೆಟ್ಟು ಕೇಳಿದ ಮೇಲೆ ಪ್ರಾರ್ಥನೆ ಮುಗಿಯುವ ತನಕ ನಮ್ಮೂರಿನಲ್ಲಿ ಯಾರೂ ಹೆಜ್ಜೆ ಎತ್ತುವುದಿಲ್ಲ. ಎತ್ತಿದವರಿಗೆ ದಂಡ ಹಾಕಿಸುತ್ತಿದ್ದವನೂ ನಾನೇ. ಈಚೆಗೆ ಗಂಟೆಯ ಕೆಲಸ ನೋಡುತ್ತಿದ್ದ ಕಾವಲುಗಾರನೇ ಅಂದು ಬಾರಿಸಿದನೆಂದು ಊರು ನಂಬಿದೆ. ಅವನೂ ಅಲೆಗೆ ಸಿಕ್ಕಿ ಸತ್ತಿದ್ದಾನೆ. ನಾನು ತಿದ್ದಲಿಲ್ಲ.

ಹೇಳಿದರೆ ಆಕೆ ಆ ಎರಡು ತುತ್ತನ್ನೂ ಬಿಡಬಹುದು. ಹೇಳದಿದ್ದರೆ, ಮಗಳನ್ನು ತಾನೇ ಕೊಂದೆನೆಂಬ ನಂಬಿಕೆಯಲ್ಲೇ ಸಾಯುತ್ತಾಳೆ. ಆದಕಾರಣ, ಹಿರಿಯರ ಪದ್ಧತಿಯಂತೆ ನಯಚಾಪೆಯನ್ನು ತಲೆಗೆ ಹೊದ್ದು ಆಕೆಯ ಮನೆಯೆದುರು ಕೂರಲು ನಿಶ್ಚಯಿಸಿದ್ದೇನೆ. ಆಕೆ ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಅಲ್ಲಿಂದ ಏಳಲಾರೆ. ದಯಮಾಡಿ ಕಳುಹಿಸು.

ಇಂತಿ, ಮುಖವೆತ್ತಲಾರದ ನಿನ್ನ ಅಣ್ಣ,
ಲೇಅಲಾಫಿ

ತಾ.ಕ.: ಬಸ್ಸಿಗೆ ಕಾಯುತ್ತಿರುವಾಗ ಲಾಗಿಯೇ ಹುಡುಕಿಕೊಂಡು ಬಂದಳು. "ಏನಯ್ಯಾ ಸೋಮಾರಿ, ಇವತ್ತು ಊಟಕ್ಕೆ ಬರ್ಲಿಲ್ಲ?" ಎಂದಳು. ನಕ್ಕಳು ಕೂಡ. ಹೇಳಿಬಿಟ್ಟೆ. "ನಲವತ್ತು ದಿನ ನಾನೇ ಕೊಂದೆ ಅಂತಿದ್ದೆ. ನೀನು ಕೇಳ್ತಾ ಕೂತಿದ್ಯಲ್ಲೋ," ಎಂದಷ್ಟೇ ಹೇಳಿ ಹೋದಳು. ಚಾಪೆಗೆ ಕಾಯಲಾರೆ, ಮಲಗುವ ಒರಟು ಚಾಪೆಯನ್ನೇ ಹೊದ್ದು ಹೊರಟಿದ್ದೇನೆ. ಆಕೆ ಗೋಡೆಯಿಲ್ಲದ ತನ್ನ ಮನೆಯ ಸುತ್ತಲಿನ ಗರಿಪರದೆಗಳನ್ನು ಒಂದೊಂದಾಗಿ ಇಳಿಸುತ್ತಿರುವುದು ಇಲ್ಲಿಂದ ಕಾಣುತ್ತಿದೆ.