ಸೊಂಟದುದ್ದ ನೀರು

ಮದ್ದೂರು
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ನಾಗು,

ನಿನ್ನ ಕಾಗದ ದೀಪಾವಳಿಗೆ ಬಂತು, ನಾನು ಉತ್ತರ ಬರೆಯುತ್ತಿರುವುದು ಸಂಕ್ರಾಂತಿಗೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಈ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಅಡುಗೆಮನೆಗೂ ಕೇಳುತ್ತದೆ, ಹಿತ್ತಲಿಗೂ ಕೇಳುತ್ತದೆ. ಬ್ರೈಲ್ ಒಂದೇ ನನ್ನ ಸ್ವಂತದ್ದು. ಸ್ಲೇಟು ಹಿಡಿದು ಎಷ್ಟು ಕಾಲವಾಗಿತ್ತೋ, ನಾಲ್ಕು ಸಾಲು ಚುಚ್ಚುವಷ್ಟರಲ್ಲಿ ಬೆರಳು ನೋಯುತ್ತಿವೆ. ಅತ್ತೆ ಸಣ್ಣತಾಯಮ್ಮ ಆಗಲೇ ಒಂದು ಸಲ ಬಂದು, "ಅದೇನವ್ವಾ ಟಕಟಕಾಂತ ಕುಟ್ತಾ ಇದ್ದೀಯ?" ಎಂದು ವಿಚಾರಿಸಿ ಹೋದರು. ಬ್ಯಾಂಕಿನ ಕೆಲಸ ಎಂದೆ. ನಮ್ಮಂಥವರ ಕಾಗದಕ್ಕೆ ಅಂಚೆಯವರು ಸ್ಟಾಂಪು ಕೇಳುವುದಿಲ್ಲ, ಲಕೋಟೆಯ ಬಾಯಿ ಮಾತ್ರ ಅಂಟಿಸಬಾರದು. ತೆರೆದಿಟ್ಟರೆ ತಾನೇ ಏನು, ಓದುವವರು ಯಾರು?

ಬಸರಾಳಿನಲ್ಲಿ ನಿನ್ನ ಸಂಗೀತದ ಪಾಠ ಚೆನ್ನಾಗಿ ನಡೆದಿದೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ಕಾಯಿಲೆಯೇನಲ್ಲ, ಹೇಸಿಗೆ. ಅನ್ನ ಬಾಯಿಗಿಟ್ಟರೆ ಕೆರೆಯ ಕೆಸರು ನಾರುತ್ತದೆ.

ಮೊದಲಿನಿಂದ ಹೇಳುತ್ತೇನೆ. ಮಳವಳ್ಳಿ ರಸ್ತೆಯಲ್ಲಿ ಒಂದು ದೊಡ್ಡ ಕೆರೆಯಿದೆ. ದಡದಲ್ಲಿ ಯಾರೋ ರೆಸಾರ್ಟು ಮಾಡಿ ದೋಣಿಯಾಟ ಶುರುಮಾಡಿದ್ದಾರೆ. ದಸರಾ ಆದಮೇಲೆ ಬ್ಯಾಂಕಿನವರೆಲ್ಲ ಅಲ್ಲಿಗೆ ಹೋಗಿದ್ದೆವು. ಎಲ್ಲರೂ ನೀರಿಗಿಳಿದರು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಮ್ಮ ಚಪ್ಪಲಿ, ಪರ್ಸು ಕಾಯಲು ಬಿಟ್ಟರು. ಕುರುಡಿಯನ್ನು ಕಾವಲಿಗಿಟ್ಟ ಬುದ್ಧಿವಂತರು! ಆಗ ಅಲ್ಲಿ ಆಟ ಕಲಿಸುವ ಹಸೀಬ್ ಎಂಬುವನು ಬಂದು, "ನೀವ್ಯಾಕೆ ಇಳೀಬಾರ್ದು ಮೇಡಂ? ಇದಕ್ಕೆ ಕಣ್ಣು ಬೇಕಾಗಿಲ್ಲ, ಮಂಡಿ ಗಟ್ಟಿಯಿದ್ರೆ ಸಾಕು" ಎಂದ. ನಾನು ಸೋತದ್ದು ಆ ಮಾತಿಗೆ. ಅಲ್ಲಿಂದಾಚೆ ಪ್ರತಿ ಭಾನುವಾರ ಗಂಡ, ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋದೆ.

ವೇಕ್‌ಬೋರ್ಡ್ ಅಂದರೆ ಎದೆಯೆತ್ತರದ ಹಲಗೆ, ಅದಕ್ಕೆ ಎರಡು ಬೂಟು ಬಿಗಿದಿರುತ್ತವೆ. ಕಾಲು ತೂರಿಸಿ, ಮಂಡಿ ಎದೆಗೆ ತಂದು ನೀರಿನಲ್ಲಿ ಮುದುರಿಕೊಂಡು ತೇಲಬೇಕು. ಕೈಯಲ್ಲಿ ಹಗ್ಗದ ಹಿಡಿ, ಆಚೆ ತುದಿಯಲ್ಲಿ ಮೋಟಾರು ದೋಣಿ. ದೋಣಿ ಹೊರಟಾಗ ನಾವಾಗಿ ಏಳಬಾರದು, ಅದೇ ಎಬ್ಬಿಸುತ್ತದೆ. ನನಗೆಲ್ಲಿಯ ತಾಳ್ಮೆ? ಹಗ್ಗ ಜಗ್ಗಿ ಜಗ್ಗಿ ಮೂಗಿನ ತುಂಬ ನೀರು ಕುಡಿದೆ. ಹಸೀಬ್ ನನ್ನನ್ನು ದಡದ ಹುಲ್ಲಿನ ಮೇಲೆ ಕೂರಿಸಿ, ತಾನೇ ದೋಣಿಯಾಗಿ ಹಗ್ಗ ಎಳೆದು ಕಲಿಸಿದ. ಒಂದು ಸೀಟಿ ಊದಿದರೆ ಎಡಕ್ಕೆ ಒರಗಬೇಕು, ಎರಡು ಊದಿದರೆ ಬಲಕ್ಕೆ, ಉದ್ದಕ್ಕೆ ಊದಿದರೆ ಹಗ್ಗ ಬಿಡಬೇಕು. ಊದುವ ಕೆಲಸ ನನ್ನ ಮಗಳು ಅಮೃತಳದು. ಒಂಬತ್ತು ವರ್ಷದವಳು, ದೋಣಿಯಲ್ಲಿ ನನ್ನ ಕಡೆ ಮುಖ ಮಾಡಿ ಕೂರುತ್ತಿದ್ದಳು.

ಒಂದು ಭಾನುವಾರ ಎದ್ದೇಬಿಟ್ಟೆ ಕಣೆ! ನಾವು ಹುಟ್ಟಿದಾಗಿನಿಂದ ಯಾರದೋ ಮೊಳಕೈ ಹಿಡಿದು ನಡೆದವರು. ಹಾಸ್ಟೆಲ್ಲಿನ ಅಂಗಳದಲ್ಲಿ ಓಡಲು ಹೋಗಿ ನೀನು ಹಲ್ಲು ಮುರಿದುಕೊಂಡೆ, ಆಮೇಲೆ ನಾವಿಬ್ಬರೂ ಓಡಲೇ ಇಲ್ಲ. ನೀರಿನ ಮೇಲೆ ಡಿಕ್ಕಿ ಹೊಡೆಯಲು ಏನೂ ಇಲ್ಲ. ಗೋಡೆಯಿಲ್ಲ, ಮೆಟ್ಟಿಲಿಲ್ಲ, "ಹುಷಾರು" ಎನ್ನುವವರೂ ಇಲ್ಲ. ಮುಖಕ್ಕೆ ರಪ್ಪನೆ ಗಾಳಿ, ಕಾಲಡಿ ನೀರಿನ ಗರಗರ ಸದ್ದು. ನನಗೆ ಒಂದೇ ಹಠ ಹತ್ತಿತು, ಕೆರೆ ದಾಟಬೇಕು. ಈ ದಡದಿಂದ ಆ ದಡದ ಮಾರಮ್ಮನ ಗುಡಿಯವರೆಗೆ, ಯಾರ ಕೈಯನ್ನೂ ಹಿಡಿಯದೆ.

ದಾಟಿಸಿದರು. ಅಂದರೆ, ದಾಟಿಸಿದೆವು ಎಂದು ಹೇಳಿದರು. ದೋಣಿ ನಿಧಾನವಾದಾಗಲೆಲ್ಲ ಅಮೃತ ಕೂಗುತ್ತಿದ್ದಳು, "ಅಮ್ಮಾ, ತೂಬು ದಾಟಿದ್ವಿ! ಮಧ್ಯಕ್ಕೆ ಬಂದ್ವಿ, ದಡದಲ್ಲಿರೋ ಜನ ಇರುವೆ ಥರ ಕಾಣ್ತಾರೆ! ಅಮ್ಮಾ, ಮಾರಮ್ಮನ ಗುಡಿ!" ಗುಡಿಯ ಹತ್ತಿರ ತಿರುಗಿಸಿಕೊಂಡು ವಾಪಸು ಬಂದೆವಂತೆ. ನನ್ನ ಗಂಡ ಸಂತೋಷ್ ದಡದಲ್ಲಿ ನಿಂತು ವಿಡಿಯೋ ಮಾಡಿ, ಸೋಮನಹಳ್ಳಿಯ ತನ್ನ ಫ್ಯಾಕ್ಟರಿಯವರಿಗೆಲ್ಲ ಕಳಿಸಿದ. "ಕಣ್ಣಿಲ್ಲದೆ ಕೆರೆ ದಾಟಿದ ಛಲಗಾತಿ." ಅದನ್ನು ನೋಡಿದ ಯಾವುದೋ ಸಂಘದವರು ನನ್ನನ್ನು ಕರೆಸಿ ಶಾಲು ಹೊದಿಸಿ, ಕಿವಿ ಮುಚ್ಚುವಷ್ಟು ದೊಡ್ಡ ಪೇಟ ತೊಡಿಸಿದರು. ನಾನೂ ಮೈಕು ಹಿಡಿದು, ಮನಸ್ಸೊಂದಿದ್ದರೆ ಎಂಥ ಕೆರೆಯನ್ನೂ ದಾಟಬಹುದು ಎಂದು ಭಾಷಣ ಬಿಗಿದೆ. ಥೂ! ಈಗ ನೆನೆದರೆ ನಾಲಿಗೆ ಕೆರೆದುಕೊಳ್ಳಬೇಕು ಅನ್ನಿಸುತ್ತದೆ.

ಚಪ್ಪಲಿಯ ಸದ್ದಿನಲ್ಲೇ ಮನುಷ್ಯರನ್ನು ಗುರುತು ಹಿಡಿಯುವ ನಾನು ಅದು ಹೇಗೆ ಮೋಸಹೋದೆ ಎಂದು ಕೇಳಬೇಡ. ಮೋಟಾರಿನ ಸದ್ದು ಎಲ್ಲವನ್ನೂ ನುಂಗುತ್ತದೆ. ಅನುಮಾನ ಬಂದಿರಲಿಲ್ಲ ಎಂದೂ ಅಲ್ಲ. ಮಧ್ಯ ಕೆರೆಯಲ್ಲೂ ಯಾಕಿಷ್ಟು ಪಾಚಿ ನಾತ ಎಂದು ಕೇಳಿದ್ದೆ. "ಕೆರೆ ಪೂರಾ ಹಂಗೇ ಮೇಡಂ" ಎಂದಿದ್ದ ಹಸೀಬ್. ಖುಷಿಯಲ್ಲಿರುವವರಿಗೆ ಎರಡನೇ ಪ್ರಶ್ನೆ ಹೊಳೆಯುವುದಿಲ್ಲ.

ಹೋದ ಭಾನುವಾರ ಕೆರೆಯ ನಟ್ಟನಡುವೆ, ಹಾಗೆಂದು ನಾನು ತಿಳಿದ ಕಡೆ, ಹಗ್ಗ ಸಡಿಲಾಗಿ ಮುಗ್ಗರಿಸಿದೆ. ಯಾವಾಗ ಬಿದ್ದರೂ ಅಲುಗಾಡದೆ ತೇಲಬೇಕು, ದೋಣಿಯೇ ಬಂದು ಎತ್ತಿಕೊಳ್ಳುತ್ತದೆ ಎಂದು ಕಲಿಸಿದ್ದರು. ಆವತ್ತು ಬಲಗಾಲು ಬೂಟಿನಿಂದ ಕಳಚಿತು. ಮುಳುಗಿದೆ ಎಂದು ಕಿರುಚುತ್ತ ಕಾಲು ಬಡಿದರೆ ಪಾದ ಪಚಕ್ಕನೆ ಕೆಸರಿನಲ್ಲಿ ಇಳಿಯಿತು. ಬೆರಳ ಸಂದಿಗೆ ಲೋಳೆ, ಮೀನಖಂಡಕ್ಕೆ ಪ್ಲಾಸ್ಟಿಕ್ ಕವರು, ಹಬ್ಬದಲ್ಲಿ ಮುಳುಗಿಸಿದ ಗಣಪತಿಯ ಹೊಟ್ಟೆಯ ಕೊಳೆತ ಹುಲ್ಲು. ಬಾಯಿಯ ತುಂಬ ಅದೇ ನೀರು. ಹತ್ತಿರದಲ್ಲೇ ಯಾರೋ ಎತ್ತು ಉಜ್ಜುತ್ತಿದ್ದ ಸದ್ದು.

"ಯಾಕವ್ವಾ ಅಂಗ್ ಕಿರುಚ್ತೀಯ? ಎದ್ದು ನಿಂತ್ಕೊ. ಸ್ವಂಟದುದ್ದ ನೀರಲ್ಲಿ ಯಾರೂ ಮುಳ್ಗಕಿಲ್ಲ" ಎಂದಿತು ಒಂದು ಮುದಿ ದನಿ. ಊರಿನ ಕೆಂಪಸಿದ್ದಯ್ಯನಂತೆ.

"ಇದು ಕೆರೆ ಮಧ್ಯ ಅಲ್ವಾ ಅಯ್ಯಾ?" ಎಂದೆ.

"ಮಧ್ಯವಾ? ಏ, ಬುಡವ್ವ! ಮಧ್ಯದಲ್ಲಿ ಎತ್ತು ತೊಳೆಯಾಕಾಯ್ತದಾ? ವಾರವಾರ್ವೂ ನೋಡ್ತಿವ್ನಿ, ಗಾಣದೆತ್ತಿನಂಗೆ ನಿನ್ನ ಇಲ್ಲೇ ಸುತ್ತುಸ್ತಾವ್ರೆ. ಯಾವ್ದೋ ಅರಕೆ ಅನ್ಕಂಡಿದ್ದೆ."

ಎದ್ದು ನಿಂತೆ. ನೀರು ಸೊಂಟಕ್ಕಿತ್ತು. ದಡದಿಂದ ಹೆಂಗಸರು ಕಿಸಕ್ಕನೆ ನಕ್ಕದ್ದು ಕೇಳಿತು. ಊರಿಗೆ ಊರೇ ನೋಡಿದೆ ನಾಗು, ಗೊತ್ತಿಲ್ಲದವಳು ನಾನೊಬ್ಬಳೇ.

ಹಸೀಬ್‌ನ ಕೊರಳಪಟ್ಟಿ ಹಿಡಿದೆ. "ಅಣ್ಣ ಹೇಳಿದ್ರು ಮೇಡಂ, ಆಳಕ್ಕೆ ಕರ್ಕೊಂಡು ಹೋಗ್ಬೇಡ, ಹೋದ್ವಿ ಅಂತ ಹೇಳು ಸಾಕು ಅಂತ" ಎಂದ. ಅಣ್ಣ ಅಂದರೆ ನನ್ನ ಗಂಡ. ಮನೆಗೆ ಬಂದು ಸಂತೋಷ್‌ನನ್ನು ಕೇಳಿದರೆ ಅವನ ದನಿ ತಗ್ಗಲೂ ಇಲ್ಲ. "ಅಲ್ಲಿ ಇಪ್ಪತ್ತಡಿ ಆಳ ಐತೆ ಕಣೆ. ಹೆಚ್ಚುಕಮ್ಮಿ ಆಗಿದ್ರೆ ಮಗಳ ಗತಿಯೇನು? ನೀನು ಖುಷಿಯಾಗಿದ್ದೆ ತಾನೆ?" ಎಂದ. ಹೆದರಿಕೆಯಾಗುತ್ತದೆ, ಹೋಗಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ, ಗೆಲ್ಲುತ್ತಿದ್ದೆ ಅಥವಾ ಸೋಲುತ್ತಿದ್ದೆ. ಜಗಳಕ್ಕೂ ನಾನು ಲಾಯಕ್ಕಿಲ್ಲವೇ? ಅತ್ತೆಯದು ಬೇರೆಯೇ ರಾಗ. "ಗಂಡ ಅನ್ನೋನು ಜೀವ ಉಳಿಸವ್ನೆ. ಅದ್ ಬುಟ್ಟು ಮಕ ಊದುಸ್ಕಂಡು ಕುಂತವ್ಳೆ. ಅಲ್ಲಾದ್ರೇನು, ಇಲ್ಲಾದ್ರೇನು, ನೀರು ನೀರೇಯ." ಆ ಶಾಲನ್ನು ಒಲೆ ಒರೆಸಲು ಇಟ್ಟಿದ್ದೇನೆ. ಅದಕ್ಕೂ ಲಾಯಕ್ಕಿಲ್ಲ, ಜಾರುತ್ತದೆ.

ಸುಮ್ಮನೆ ಬಿಡುವವಳಲ್ಲ ನಾನು. ಬುಧವಾರ ರಜೆ ಹಾಕಿ, ಪಕ್ಕದ ಮನೆಯ ಫಕ್ರುನ್ನೀಸಾಳನ್ನು ಕರೆದುಕೊಂಡು ಕೆರೆಗೆ ಹೋದೆ. ಬಟ್ಟೆ ಹೊಲಿಯುವವಳು, ರವಿಕೆ ಕೆಟ್ಟರೆ ಕೆಟ್ಟಿದೆ ಎಂದೇ ಹೇಳುವವಳು. ಮನೆಯವರಿಗೆ ತಿಳಿಸಲಿಲ್ಲ. ಬಾವಿಯ ಹಗ್ಗದ ಮೂರಾಳುದ್ದದ ತುಂಡಿಗೆ ರುಬ್ಬುವ ಗುಂಡು ಕಟ್ಟಿ ಚೀಲದಲ್ಲಿ ಒಯ್ದಿದ್ದೆ. ಇದೇ ಮಧ್ಯ ಎಂದು ಹಸೀಬ್ ದೋಣಿ ನಿಲ್ಲಿಸಿದ ಕಡೆ ಅದನ್ನು ನಾನೇ ಇಳಿಬಿಟ್ಟೆ. "ನನ್ನ ಮಾತು ನಂಬಿ ಮೇಡಂ" ಎಂದ ಹಸೀಬ್. "ಅದನ್ನೇ ಅಳೀತಾ ಇದ್ದೀನಪ್ಪ" ಎಂದೆ. ಹಗ್ಗ ಪೂರ್ತಿ ಮುಗಿದು ಗುಂಡು ಅದರ ತುದಿಯಲ್ಲಿ ಜೋತಾಡಿತು, ನೆಲ ಸಿಗಲಿಲ್ಲ. ಅಲ್ಲೇ ನೀರಿಗಿಳಿದು, ಎದ್ದು, ಫಕ್ರುನ್ನೀಸಾ ಊದಿದ ಸೀಟಿಗೆ ಒರಗುತ್ತ ಆ ದಡಕ್ಕೆ ಹೋದೆ. ಒದ್ದೆ ಕೈಯಲ್ಲಿ ಮಾರಮ್ಮನ ಗುಡಿಯ ಸುಣ್ಣದ ಗೋಡೆ ಮುಟ್ಟಿದೆ. ಆಮೇಲೆ ಅಲ್ಲಿಂದ ಈ ದಡಕ್ಕೆ ಇಡೀ ಕೆರೆಯನ್ನು ದಾಟಿದೆ, ಒಂದು ಸಲವೂ ಬೀಳದೆ.

ಆದರೆ ಕೇಳು, ಅಸಹ್ಯ ಹೋಗಲಿಲ್ಲ. ಸುಳ್ಳು ಸವಾರಿಯಲ್ಲಿ ಕಾಲಿಗೆ ಹೇಗಿತ್ತೋ ನಿಜದ ಸವಾರಿಯಲ್ಲೂ ಹಾಗೇ ಇತ್ತು. ಅದೇ ಗಾಳಿ, ಅದೇ ಗರಗರ. ನನ್ನ ಕಾಲು ಕೂಡ ಅವರ ಕಡೆಗೇ ಸೇರಿಕೊಂಡಿದೆ ಅನ್ನಿಸಿ ಮೈಯೆಲ್ಲ ಉರಿಯಿತು. ದಾಟಿದ್ದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಮತ್ತೊಂದು ಶಾಲು ತರುತ್ತಾರೆ.

ಎಳ್ಳುಬೆಲ್ಲ ಬೀರುವಾಗ ನನ್ನ ಹೆಸರಿನಲ್ಲಿ ಒಂದು ಚಿಟಿಕೆ ಹೆಚ್ಚಿಗೆ ತಿನ್ನು. ನಿನ್ನ ಪುಟ್ಟ ಮಗ ಆರೋಗ್ಯವಾಗಿ ಬೆಳೆಯಲಿ, ನಿನ್ನ ಕಂಠ ಹಾಗೇ ಇರಲಿ. ಬೇಗ ಬರೆ. ನನ್ನ ಹಾಗೆ ಹಬ್ಬದಿಂದ ಹಬ್ಬಕ್ಕೆ ಎಳೆಯಬೇಡ.

ನಿನ್ನ
ಶ್ವೇತ

ಮರೆತ ವಿಷಯ: ಮರೆತಿದ್ದೆ ಎಂದು ಶುರುಮಾಡೋಣವೆಂದಿದ್ದೆ, ಮರೆತಿಲ್ಲ. ಅಮೃತಳ ವಿಷಯವನ್ನು ಕೊನೆಯ ಹಾಳೆಯವರೆಗೆ ತಳ್ಳಿಕೊಂಡು ಬಂದೆ. ತೂಬು ಬಂತು, ಗುಡಿ ಬಂತು ಅನ್ನು ಎಂದು ಅವಳಪ್ಪ ಹೇಳಿಕೊಟ್ಟಿದ್ದನಂತೆ. ಜನ ಇರುವೆ ಥರ ಕಾಣ್ತಾರೆ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಅವಳದೇ. ಅವಳಿಗೆ ಮಾತು ಬಂದಾಗಿನಿಂದ ಬಸ್ಸಿನ ಬೋರ್ಡು, ಅಕ್ಕಿಯಲ್ಲಿನ ಹುಳ, ನನ್ನ ತಲೆಯ ಬಿಳಿ ಕೂದಲು ಎಲ್ಲವನ್ನೂ ಅವಳ ಬಾಯಿಂದಲೇ ತಿಳಿದವಳು ನಾನು. ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇವತ್ತು ಬೆಳಿಗ್ಗೆ ಹಬ್ಬಕ್ಕೆಂದು ಒಂದು ಸೀರೆ ತೆಗೆದು, "ಯಾವ ಬಣ್ಣ ಪುಟ್ಟಿ?" ಎಂದೆ. "ನೀಲಿ ಅಮ್ಮ" ಎಂದಳು. ಸರಿ ಎಂದು ಸೀರೆ ಹಿಡಿದು, ಬರಿಗಾಲಲ್ಲೇ ಪಕ್ಕದ ಮನೆಗೆ ಹೋಗಿ, ದನಿ ತಗ್ಗಿಸಿ ಫಕ್ರುನ್ನೀಸಾಳನ್ನೂ ಅದನ್ನೇ ಕೇಳಿದೆ. "ನೀಲಿ ಕಣಕ್ಕ, ಯಾಕೆ?" ಎಂದಳು. ಬೆನ್ನ ಹಿಂದೆ ಸಣ್ಣ ಉಸಿರು ಕೇಳಿಸಿತು. ತಿರುಗಿ ಕೈ ಚಾಚಿದರೆ, ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಮೃತ ಬಂದು ನಿಂತಿದ್ದಳು.