ಎಡಗೊಂಬಿನ ಬಾಗು

ಬ್ಯಾಡಗಿ
11-2-2025

ಪ್ರೀತಿಯ ಸೊಸೆ ಕಾವೇರಿ,

ಹೇಗಿದ್ದೀಯವ್ವ? ಚಿತ್ರಕಲೆ ಕಲಿಯಲು ಅಮೆರಿಕದ ಅರಿಜೋನಾಕ್ಕೆ ಹೋದವಳಿಗೆ ಅಲ್ಲಿಯ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಇಲ್ಲಿ ಮೆಣಸಿನಕಾಯಿ ಸೀಜನ್, ಊರಿಗೆ ಊರೇ ಸೀನುತ್ತಿದೆ. ನಮ್ಮಕ್ಕ, ನಿನ್ನವ್ವ, ಆರಾಮಿದ್ದಾಳೆ. ನನ್ನದು ನಿನಗೆ ಗೊತ್ತೇ ಇದೆ. ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಹೋರಿ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವ ಪೇಂಟರ್ ಇನ್ನೂ ಹುಟ್ಟಿಲ್ಲ. ಗುತ್ತಲದಲ್ಲಿ ನನ್ನ ಚಿತ್ರ ಕಂಡು ಖರೇ ಹೋರಿಯೊಂದು ಹಗ್ಗ ಹರಿದುಕೊಂಡು ಹಾಯಲು ಬಂದಿತ್ತು. ನಗಬೇಡ, ಸಾಕ್ಷಿ ಇದ್ದಾರೆ.

ಹೋದ ಪತ್ರದಲ್ಲಿ ನೀನು ಅಪಾಚೆ ಗೆಳತಿಯ ಬಗ್ಗೆ ಬರೆದಿದ್ದೆ. ನಾನು ಮೊದಲು ಮೋಟರ್‌ಸೈಕಲ್ ಎಂದೇ ತಿಳಿದೆ. ಅವರು ಅಲ್ಲಿಯ ಮೂಲನಿವಾಸಿಗಳು ಎಂದು ಚೇತನಕುಮಾರ ಮಾಸ್ತರರು ಹೇಳಿದರು. ಆ ಗೆಳತಿ ತನ್ನ ಅಜ್ಜಿ ಬುಟ್ಟಿಯಲ್ಲಿ ಹೆಣೆಯುತ್ತಿದ್ದ ಚಿತ್ತಾರವನ್ನು ಸ್ಕೇಟ್‌ಬೋರ್ಡಿನ ಮೇಲೆ ಬಿಡಿಸಿ, ಕೆಳಗೆ ಅಜ್ಜಿಯ ಹೆಸರನ್ನೂ ಬರೆದಳಂತೆ. "ಹಿರಿಯರನ್ನ ಕೇಳದ ಅವರ ಚಿತ್ತಾರ ಮುಟ್ಟಂಗಿಲ್ಲಂತ ಮಾಮಾ, ಎಷ್ಟ ಚೊಲೋ ಮಂದಿ" ಎಂದು ಹೊಗಳಿದ್ದೆ. ಓದಿ ನನ್ನ ಎದೆ ಉಬ್ಬಿತ್ತು.

ಮೊನ್ನೆ ನಿನ್ನ ಸ್ಕೇಟ್‌ಬೋರ್ಡಿನ ವಿಡಿಯೊ ಬಂತು. ಅದರ ಮೇಲೆ ನನ್ನ ಹೋರಿ! ಅಲ್ಲಿಯ ಹುಡುಗಿಯರು ಅದನ್ನೇರಿ ಕಟ್ಟೆಯಿಂದ ಕಟ್ಟೆಗೆ ಹಾರುತ್ತಿದ್ದಾರೆ. ಅಸ್ಲಮನ ಚಹಾದಂಗಡಿಯಲ್ಲಿ ಕುಣಿದಾಡಿ ಎಲ್ಲರಿಗೂ ಚಹಾ ಹೇಳಿದೆ. ಆಮೇಲೆ ವಿಡಿಯೊದ ಕೆಳಗೆ ನೀನು ಬರೆದ ಇಂಗ್ಲಿಷನ್ನು ಮಾಸ್ತರರು ಕನ್ನಡಕ್ಕೆ ತಂದರು: "ಯಾವುದೋ ಹಳೇ ಟ್ರೇಲರಿನ ಮ್ಯಾಲೆ ಸಿಕ್ಕ ಚಿತ್ರ ಅಂತ. ಬಿಡಿಸಿದವರ ಹೆಸರ ಗೊತ್ತಿಲ್ಲಂತ." "ಕಾಕಾ, ಚಹಾ ಆರಾಕತ್ತೈತಿ, ಕುಡೀರಿ" ಎಂದನಷ್ಟೇ ಅಸ್ಲಮ್.

ಗೊತ್ತಿಲ್ಲವೇ, ಕಾವೇರಿ? ಟ್ರೇಲರಿನ ಮೇಲೆ ಮಾಲೀಕನ ಹೆಸರು ಬರುತ್ತದೆ, ಪೇಂಟರನದಲ್ಲ. ಅದಕ್ಕೇ ಮೂವತ್ತು ವರ್ಷದಿಂದ ಪ್ರತಿ ಹೋರಿಯ ಎಡಗೊಂಬಿನ ತುದಿಯನ್ನು ಒಳಕ್ಕೆ ಬಾಗಿಸುತ್ತ ಬಂದೆ. ಅದೇ ನನ್ನ ಸಹಿ ಎಂದು ಹೇಳಿದ್ದು ನಿನಗೊಬ್ಬಳಿಗೆ. ನೀನು ಒಂಬತ್ತು ವರ್ಷದವಳಿದ್ದಾಗ, ಕೈ ಹಿಡಿದು ತಿದ್ದಿಸುತ್ತ. ಆ ಬಾಗನ್ನೂ ಬಿಡದೆ ಬಿಡಿಸಿದ್ದೀಯ. ಕೆಳಗೆ ನಿನ್ನ ಹೆಸರು ಬರೆದಿದ್ದೀಯ. ಪರರ ಅಜ್ಜಿಯನ್ನು ಕೇಳಬೇಕೆಂದು ತಿಳಿದವಳಿಗೆ ಮಾವನ ಫೋನ್ ನಂಬರ್ ಸಿಗಲಿಲ್ಲವೇ?

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಗೆಳತಿಗೆ, ಅವಳ ಅಜ್ಜಿಗೆ ನನ್ನ ಶರಣು ಹೇಳು. ನನ್ನ ಹೆಸರು ಹಿಡಿದು ಹೇಳು.

ನಿನ್ನ ಮಾಮಾ,
ಹಾಲೇಶಪ್ಪ ಪೇಂಟರ್

ತಾ.ಕ.: ಇವತ್ತು ಮೇಡ್ಲೇರಿಯಿಂದ ಹೊಸ ಟ್ರೇಲರ್ ಬಂದಿತ್ತು. ಎರಡೂ ಕೊಂಬುಗಳನ್ನು ನೆಟ್ಟಗೆ ಬಿಡಿಸಿದೆ. "ಈ ಸಲ ಕೊಂಬ ಬರೋಬ್ಬರಿ ಬಂದಾವ ನೋಡ್ರಿ" ಎಂದು ಮಾಲೀಕ ಖುಷಿಯಿಂದ ಟ್ರ್ಯಾಕ್ಟರ್ ಹೊಡೆದುಕೊಂಡು ಹೋದ.